ರೋಮಿಗೆ ಹೋದ ಗಂಟೆ

ಪೆಲಾಜಿ ಬೊನ್ನಾಫುಗೆ ಕಿವಿ ಹೋಗಿ ಹನ್ನೆರಡು ವರ್ಷವಾಗಿತ್ತು. ಅದಕ್ಕೆ ಮೊದಲು ಇಪ್ಪತ್ತೊಂಬತ್ತು ವರ್ಷ ಶಾಂಬ್ರೆಯಾಕ್ ಎಂಬ ಹಳ್ಳಿಯ ಮನೆಮನೆಗೆ ಸೈಕಲ್ಲಿನಲ್ಲಿ ಅಂಚೆ ಹಂಚಿದವಳು. ಒಂದು ಚಳಿಗಾಲದ ಜ್ವರ ಅವಳ ಕಿವಿ ಎರಡನ್ನೂ ಕಿತ್ತುಕೊಂಡು ನಾಲಗೆಯನ್ನು ಮಾತ್ರ ಹಾಗೇ ಬಿಟ್ಟುಹೋಯಿತು. ಜ್ವರಕ್ಕೆ ಯಾವುದನ್ನು ಒಯ್ಯಬೇಕೆಂದು ಸರಿಯಾಗಿ ತಿಳಿಯಲಿಲ್ಲ ಎಂದು ಊರಿನವರು ಆಡಿಕೊಂಡರು. ತನ್ನ ದನಿ ತನಗೇ ಕೇಳದ್ದರಿಂದ ಅವಳು ಪಿಸುಗುಟ್ಟಿದರೂ ಎದುರು ಬೀದಿಯ ಕಟುಕನ ಅಂಗಡಿಯಲ್ಲಿ ಗಿರಾಕಿಗಳು ತಿರುಗಿ ನೋಡುತ್ತಿದ್ದರು.

ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುವುದನ್ನು ಅವಳು ತಾನಾಗಿಯೇ ಕಲಿತಿದ್ದಳು. ಹೊತ್ತು ತಿಳಿಯಲು ಅವಳಿಗೆ ಗಡಿಯಾರವೂ ಬೇಕಿರಲಿಲ್ಲ. ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೇ ಚರ್ಚಿನ ಗಂಟೆಗೋಪುರ. ಗಂಟೆ ಹೊಡೆದಾಗಲೆಲ್ಲ ಅಲ್ಲಿನ ಪಾರಿವಾಳಗಳು ಮೊದಲ ಸಲ ಕೇಳಿದವರ ಹಾಗೆ ಗಾಬರಿಯಾಗಿ ಹಾರುತ್ತಿದ್ದವು, ಗೋಪುರಕ್ಕೆ ಎರಡು ಸುತ್ತು ಹಾಕಿ ಮತ್ತೆ ಬಂದು ಕೂರುತ್ತಿದ್ದವು. ದಿನಕ್ಕೆ ಹತ್ತಾರು ಸಲ ಹೆದರಿದರೂ ಬುದ್ಧಿ ಬರದ ಆ ಹಕ್ಕಿಗಳನ್ನು ಪೆಲಾಜಿ ಬಹಳ ಮೆಚ್ಚುತ್ತಿದ್ದಳು. ಹಕ್ಕಿ ಹಾರಿದರೆ ಸಾರಿಗೆ ಉಪ್ಪು, ಮತ್ತೆ ಹಾರಿದರೆ ಒಲೆಯಿಂದ ಇಳಿಸುವುದು.

ಬಾಗಿಲು ತಟ್ಟಿದರೆ ಅವಳಿಗೆ ಹೇಗೂ ಕೇಳುತ್ತಿರಲಿಲ್ಲ. ಅದಕ್ಕೇ ಅವಳ ಹಿತ್ತಿಲ ಬಾಗಿಲಿಗೆ ಅಗುಳಿ ಇರಲಿಲ್ಲ. ಶುಭ ಶುಕ್ರವಾರದ ದಿನ ಸಂಜೆ ಐದರ ಸುಮಾರಿಗೆ ಆ ಬಾಗಿಲಿನಿಂದಲೇ ಫೆರಿಯೋಲ್ ಗಾಶೋಂ ಒಳಗೆ ನುಗ್ಗಿದ. ಮೊಣಕಾಲಿಗೆ ಕೆಸರು, ಅಂಗಿಯ ತೋಳು ಹರಿದಿತ್ತು.

ಫೆರಿಯೋಲ್ ಬುಟ್ಟಿ ಹೆಣೆಯುವವನು. ರೈಲು ನಿಂತುಹೋಗಿ ಪಾಳುಬಿದ್ದಿದ್ದ ಊರಾಚೆಯ ಹಳೇ ನಿಲ್ದಾಣದಲ್ಲಿ ಒಬ್ಬನೇ ಇದ್ದ. ಐವತ್ತು ದಾಟಿದ್ದರೂ ಎತ್ತಿನಂಥ ಮೈ, ಮೂಗಿನಿಂದ ಗಲ್ಲದವರೆಗೆ ಇಳಿಬಿದ್ದ ಮೀಸೆ, ಒಣಹುಲ್ಲಿಗೆ ಕಿಡಿ ತಗಲಿದಂಥ ಕೋಪ. ಆ ಕೋಪ ಎಷ್ಟು ಬೇಗ ಹತ್ತುತ್ತಿತ್ತೋ ಅಷ್ಟೇ ಬೇಗ ಆರಿಹೋಗುತ್ತಿತ್ತು. ಆದರೆ ಜನಕ್ಕೆ ನೆನಪಿರುತ್ತಿದ್ದುದು ಹತ್ತಿದ್ದು ಮಾತ್ರ.

ಅವನು ಮೇಜಿನ ಮುಂದೆ ನಿಂತು ಏನೋ ಹೇಳತೊಡಗಿದ. ಮೀಸೆ ಗಾಳಿಗೆ ಸಿಕ್ಕ ಪೊದೆಯ ಹಾಗೆ ಅಲುಗಾಡಿತು. ಪೆಲಾಜಿಗೆ ಒಂದಕ್ಷರವೂ ಸಿಗಲಿಲ್ಲ.

"ನಿನ್ನ ತುಟಿ ಎಲ್ಲಯ್ಯ ಇದೆ? ಆ ಕಾಡಿನೊಳಗೆ ನಾನು ಏನಂತ ಹುಡುಕಲಿ?" ಎಂದು ಅವಳು ಅವನ ಕೈಗೆ ಸ್ಲೇಟು ಬಳಪ ಕೊಟ್ಟಳು. ಶುಭ ಶುಕ್ರವಾರವೆಂದು ಕಟುಕನ ಅಂಗಡಿ ಮುಚ್ಚಿದ್ದರಿಂದ ಅವಳ ದನಿ ಯಾರ ಕಿವಿಗೂ ಬೀಳಲಿಲ್ಲ.

ಫೆರಿಯೋಲ್ ಶಾಲೆಗೆ ಹೋದ ದಿನಗಳಿಗಿಂತ ಹೋಗದ ದಿನಗಳೇ ಹೆಚ್ಚು. ನಾಲಗೆ ಹೊರಹಾಕಿ, ಬೆವರಿಳಿಸಿ ಬರೆದ: "ನೋಠರಿ ಸಾಯ್ತವ್ನೆ. ನಾ ಹೊಡ್ದಿಲ್ಲ."

ನಡೆದದ್ದು ಇಷ್ಟು. ನಿವೃತ್ತ ನೋಟರಿ ಒನೊರಾಂ ಲಪೆರಾದ್ ಅಂದು ಬೆಳಗ್ಗೆ ಹೊಳೆದಂಡೆಯ ಒಗೆಮಂಟಪದಲ್ಲಿ ತಲೆ ಒಡೆದು ಬಿದ್ದಿದ್ದರು. ಹಿಂದೆ ಊರ ಹೆಂಗಸರೆಲ್ಲ ಬಟ್ಟೆ ಒಗೆಯುತ್ತಿದ್ದ ಕಲ್ಲುಕಟ್ಟಡ ಅದು. ಈಗ ಪಾಚಿಗಟ್ಟಿ ಬರಿದಾಗಿತ್ತು. ಪ್ರಜ್ಞೆಯಿಲ್ಲದ ಅವರನ್ನು ಜಿಲ್ಲಾಸ್ಪತ್ರೆಗೆ ಒಯ್ದಿದ್ದರು. ನೋಟರಿಯವರೆಂದರೆ ಊರ ಮೀನುಗಾರರ ಸಂಘದ ಅಧ್ಯಕ್ಷರು, ಹೊಳೆಯ ಕಾವಲುಗಾರರು. ಬಿಳಿಕಾಲಿನ ಹೊಳೆಸಿಗಡಿಯನ್ನು ಯಾರೂ ಹಿಡಿಯಕೂಡದೆಂದು ಸರ್ಕಾರ ಹೇಳಿದ್ದನ್ನು ಸರ್ಕಾರಕ್ಕಿಂತ ಗಟ್ಟಿಯಾಗಿ ಹೇಳುತ್ತಿದ್ದವರು. ಎರಡು ವಾರದ ಹಿಂದೆ ಕಾಫಿ ಅಂಗಡಿಯಲ್ಲಿ ಎಲ್ಲರೆದುರು ಫೆರಿಯೋಲನಿಗೆ ಬೆರಳು ತೋರಿಸಿ, "ಸಿಗಡಿ ಕಳ್ಳ ಇವನೇ, ಬಲೆಬುಟ್ಟಿ ಹೆಣೆಯೋಕೆ ಇನ್ಯಾರಿಗೆ ಬರುತ್ತೆ?" ಎಂದಿದ್ದರು. ಫೆರಿಯೋಲ್ ವೈನಿನ ಲೋಟ ಕುಕ್ಕಿ, "ಒಂದಿನ ನಿಮ್ಮನ್ನೇ ಆ ನೀರಿಗೆ ತಲೆಕೆಳಗಾಗಿ ಅದ್ದದಿದ್ದರೆ ಕೇಳಿ!" ಎಂದು ಅಬ್ಬರಿಸಿದ್ದ. ಅಂಗಡಿಯಲ್ಲಿದ್ದ ಹದಿಮೂರು ಮಂದಿಗೂ ಆ ಮಾತು ಬಾಯಿಪಾಠವಾಗಿತ್ತು. ಪೊಲೀಸರ ಗಾಡಿ ನಿಲ್ದಾಣದ ಕಡೆ ತಿರುಗಿದ್ದನ್ನು ನೋಡಿದ್ದೇ ಅವನು ಹಿಂದಿನ ತೋಟಗಳ ಗೋಡೆ ಹಾರಿ ಓಡಿಬಂದಿದ್ದ.

"ಓಡಿದ್ಯಾಕೆ? ಓಡಿದವನೇ ಕಳ್ಳ ಅಂತಾರೆ," ಎಂದಳು ಪೆಲಾಜಿ.

ಅವನು ಬರೆದ: "ಗೊತ್ತು. ಕಾಲು ಕೇಳ್ಲಿಲ್ಲ."

ಪೆಲಾಜಿಗೆ ಅಷ್ಟು ಸಾಕಾಯಿತು. ಇಪ್ಪತ್ತೊಂಬತ್ತು ವರ್ಷ ಊರವರ ಬಾಗಿಲಲ್ಲಿ ನಿಂತವಳಿಗೆ ಯಾರು ಕಾಗದ ಕೈಗೆ ಬಂದಾಗ ಬಿಳಿಚಿಕೊಳ್ಳುತ್ತಾರೆ, ಯಾರು ಕೆಂಪಾಗುತ್ತಾರೆ ಎಂಬುದು ತಿಳಿದಿತ್ತು. ಫೆರಿಯೋಲ್ ಕೆಂಪಾಗುವ ಜಾತಿ. ಅಂಥವರು ಹೊಡೆದರೆ ಹೊಡೆದೆ ಎಂದು ತಾವೇ ಕೂಗಿ ಹೇಳುತ್ತಾರೆ. ಅವಳು ಅವನಿಗೆ ಸಾರು ಬಡಿಸಿ, ಮೇಲಿನ ಕೋಣೆಯಲ್ಲಿ ಹಾಸಿಗೆ ಹಾಸಿದಳು. ಬೀದಿಗೆ ಕೇಳದಂತೆ ಅವನಿಗೆ ಏನೇನು ಹೇಳಬೇಕೋ ಅದನ್ನೆಲ್ಲ ತಾನೂ ಸ್ಲೇಟಿನಲ್ಲೇ ಬರೆದಳು. ಇದಕ್ಕಿಂತ ಕಷ್ಟದ ಕೆಲಸವನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ.

ಶನಿವಾರ ಬೆಳಗ್ಗೆ ಸ್ಲೇಟಿನ ವ್ಯವಹಾರ ಇಬ್ಬರಿಗೂ ಸಾಕುಸಾಕಾಯಿತು. ಅವನ ಬರಹ ಓದಲು ಅವಳಿಗೆ ಹಿಡಿಯುತ್ತಿದ್ದ ಹೊತ್ತಿನಲ್ಲಿ ಒಂದು ರೊಟ್ಟಿ ಬೇಯುತ್ತಿತ್ತು. ಕೊನೆಗೆ ಅವಳು ಸತ್ತ ಗಂಡನ ಕ್ಷೌರದ ಕತ್ತಿ, ಸಾಬೂನು, ಬಿಸಿನೀರು ತಂದು ಮೇಜಿನ ಮೇಲಿಟ್ಟು ಬೆರಳಿನಿಂದ ಮೀಸೆಯ ಕಡೆ ತೋರಿಸಿದಳು. ಫೆರಿಯೋಲ್ ಎದ್ದು ಗೋಡೆಗೆ ಒರಗಿ ನಿಂತ. ಸ್ಲೇಟು ಕಸಿದುಕೊಂಡು ಅಡ್ಡಾದಿಡ್ಡಿ ಗೀಚಿದ: "ಜೈಲ್ಗೆ ಹೋಗ್ತೀನಿ. ಇದು ಬೇಡ."

"ಜೈಲಿನಲ್ಲಿ ಮೊದಲು ತೆಗೆಯೋದು ಅದನ್ನೇ," ಎಂದು ಅವಳು ಬರೆದಳು. ಅದು ನಿಜವೋ ಸುಳ್ಳೋ ಅವಳಿಗೂ ಗೊತ್ತಿರಲಿಲ್ಲ.

ಅರ್ಧ ಗಂಟೆಯ ಮೇಲೆ ಅಡುಗೆಮನೆಯಲ್ಲಿ ಹೊಸ ಮನುಷ್ಯನೊಬ್ಬ ಕುಳಿತಿದ್ದ. ಕಣ್ಣಿನಿಂದ ಮೇಲೆ ಫೆರಿಯೋಲ್, ಕೆಳಗೆ ಬೆಳ್ಳಗೆ ತೆಳ್ಳಗೆ ನಾಚಿಕೊಂಡ ಬಾಯಿ. ಇಂಥ ಚೆಂದದ ತುಟಿಯನ್ನು ಇವನು ಮೂವತ್ತು ವರ್ಷ ಯಾಕೆ ಮುಚ್ಚಿಟ್ಟಿದ್ದ ಎಂದು ಪೆಲಾಜಿಗೆ ಆಶ್ಚರ್ಯವಾಯಿತು. ಆ ಯೋಚನೆಯನ್ನು ಅವಳು ಸ್ಲೇಟಿಗೆ ಇಳಿಸಲಿಲ್ಲ.

"ಈಗ ಹೇಳು," ಎಂದು ಕೈಸನ್ನೆ ಮಾಡಿದಳು.

"ನಿನ್ನೆ ಬೆಳಗ್ಗೆಯಿಂದ ನಿಲ್ದಾಣದ ಹಿಂದೆ ಬೆತ್ತ ಸೀಳ್ತಾ ಇದ್ದೆ. ಒಬ್ಬನೇ. ನೋಡಿದೋರು ಯಾರೂ ಇಲ್ಲ. ಹನ್ನೆರಡು ಹೊಡೆದ ತಕ್ಷಣ ಊಟಕ್ಕೆ ಏಳೋನು ನಾನು, ನಿಂಗೇ ಗೊತ್ತಲ್ಲ. ನಿನ್ನೆ ಏಳಲೇ ಇಲ್ಲ. ಹೊಟ್ಟೆ ಕರೀತಾ ಇತ್ತು, ಆದರೂ ಹನ್ನೆರಡಾಗಿಲ್ಲ ಅಂತ ಕೂತೇ ಇದ್ದೆ. ನೆರಳು ನೋಡಿದಾಗ ಎರಡಾಗಿತ್ತು."

"ಗಂಟೆ ಕೇಳಲಿಲ್ವಾ?" ಎಂದು ಬರೆದಳು.

"ಇಲ್ಲ. ಗಾಳಿ ಆ ಕಡೆಗಿತ್ತೇನೋ."

ಪೆಲಾಜಿ ಆ ಮಾತನ್ನು ಅಲ್ಲಿಗೇ ಬಿಟ್ಟು, ಬಾಗಿಲಲ್ಲಿ ಬಿದ್ದಿದ್ದ ಪತ್ರಿಕೆ ತಂದು ಬಿಡಿಸಿದಳು. ಮೂರನೇ ಪುಟದಲ್ಲಿ ಸುದ್ದಿ ಇತ್ತು. ನೋಟರಿಯವರ ತಂಗಿ ಸಿದೋನಿ ಲಪೆರಾದ್ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದಳು. ಅವರ ಮನೆಯ ಮಹಡಿಯ ಕಿಟಕಿ ಒಗೆಮಂಟಪದ ಮೇಲೇ ಇತ್ತು. "ಗೋಪುರದ ಗಂಟೆ ಹತ್ತು ಹೊಡೆಯುತ್ತಿದ್ದಾಗ ಫೆರಿಯೋಲ್ ಗಾಶೋಂ ಮಂಟಪದಿಂದ ಓಡಿಹೋಗುವುದನ್ನು ಕಣ್ಣಾರೆ ಕಂಡೆ."

ಪೆಲಾಜಿ ಆ ಸಾಲನ್ನು ಮೂರು ಸಲ ಓದಿದಳು. ಕಿಟಕಿಯ ಕಡೆ ನೋಡಿದಳು. ಪಾರಿವಾಳಗಳು ಗೋಪುರದ ಅಂಚಿನಲ್ಲಿ ಗುಂಡಗೆ ಉಬ್ಬಿಕೊಂಡು ಕುಳಿತಿದ್ದವು. ಬೆಳಗ್ಗೆಯಿಂದ ಕುಳಿತೇ ಇದ್ದವು. ನಿನ್ನೆಯೂ ಕುಳಿತೇ ಇದ್ದವು. ಅದಕ್ಕೇ ನಿನ್ನೆ ಅವಳ ಅಲಸಂದೆ ತಳ ಹಿಡಿದಿತ್ತು. ಹಕ್ಕಿಗಳಿಗೆ ಈಗಲಾದರೂ ಬುದ್ಧಿ ಬಂತೋ ಏನೋ ಎಂದುಕೊಂಡು ಪಾತ್ರೆ ಉಜ್ಜಿದ್ದಳು.

ಆಮೇಲೆ ಅವಳಿಗೆ ಹೊಳೆಯಿತು. ಊರಿನ ಪ್ರತಿ ಮಗುವಿಗೂ ಗೊತ್ತಿದ್ದ ಸಂಗತಿ. ಪವಿತ್ರ ಗುರುವಾರ ಸಂಜೆ ಗಂಟೆಗಳೆಲ್ಲ ರೋಮಿಗೆ ಹೋಗುತ್ತವೆ, ಈಸ್ಟರ್ ಪೂಜೆಗೆ ಸಕ್ಕರೆ ಮೊಟ್ಟೆ ಹೊತ್ತು ಮರಳಿ ಬರುತ್ತವೆ ಎಂದು ಮಕ್ಕಳಿಗೆ ಹೇಳುತ್ತಾರೆ. ದೊಡ್ಡವರ ಲೆಕ್ಕದಲ್ಲಿ ಅದರ ಅರ್ಥ, ಎರಡು ದಿನ ಶೋಕದ ಮೌನ. ಶಾಂಬ್ರೆಯಾಕಿನಲ್ಲಂತೂ ಚರ್ಚಿನ ಮುದುಕ ಪರಿಚಾರಕ ತೆಲೆಸ್ಫೋರ್ ಹೊತ್ತು ಹೊಡೆಯುವ ಸುತ್ತಿಗೆಗೂ ಕಂಬಳಿ ಸುತ್ತಿ ಬಿಗಿದುಬಿಡುತ್ತಿದ್ದ. ಶುಕ್ರವಾರ ಹತ್ತು ಗಂಟೆ ಹೊಡೆಯುವುದಿರಲಿ, ಆ ಗಂಟೆ ಉಸಿರೂ ಬಿಟ್ಟಿರಲಿಲ್ಲ. ಕಿವಿಯಿದ್ದ ಊರೆಲ್ಲ ಪತ್ರಿಕೆಯಲ್ಲಿ "ಗಂಟೆ ಹತ್ತು ಹೊಡೆಯುತ್ತಿದ್ದಾಗ" ಎಂದು ಓದಿ ತಲೆದೂಗಿತ್ತು.

ಪೆಲಾಜಿಗೆ ಸಂತೋಷ ತಡೆಯಲಾಗಲಿಲ್ಲ. ಸ್ಲೇಟು ಮರೆತುಹೋಯಿತು. ಎದ್ದು ನಿಂತು ತನ್ನ ಲೆಕ್ಕಕ್ಕೆ ಮೆಲ್ಲಗೆ ಹೇಳಿದಳು:

"ಗಂಟೆ ಹೊಡೆದೇ ಇಲ್ಲ ಫೆರಿಯೋಲ್! ನೀನು ಬದುಕಿದೆ ಫೆರಿಯೋಲ್!"

ಎದುರು ಬೀದಿಯಲ್ಲಿ ಕಟುಕನ ಕತ್ತಿ ಅರ್ಧದಲ್ಲೇ ನಿಂತಿತು. ಫೆರಿಯೋಲ್ ಎರಡೂ ಕೈಯಿಂದ ಅವಳ ಬಾಯಿ ಮುಚ್ಚಲು ಹೋದ. ಆಗಲೇ ತಡವಾಗಿತ್ತು.

ಹತ್ತು ನಿಮಿಷದಲ್ಲಿ ಪೊಲೀಸ್ ಠಾಣೆಯ ಅಧಿಕಾರಿ ಬೆರ್ತೊಲೆ ಇಬ್ಬರು ಪೇದೆಗಳೊಂದಿಗೆ ಬಂದ. ಅವನು ಲಿಯೋನಿನಿಂದ ವರ್ಗವಾಗಿ ಬಂದು ನಾಲ್ಕು ತಿಂಗಳಾಗಿತ್ತು. ದೊಡ್ಡ ಪಟ್ಟಣದವನು, ಗಂಟೆ ಹೊಡೆದರೂ ಹೊಡೆಯದಿದ್ದರೂ ಮೋಟಾರುಗಳ ಸದ್ದಿನಲ್ಲಿ ಗೊತ್ತಾಗದ ಜಾಗದಲ್ಲಿ ಬೆಳೆದವನು. ಅಡುಗೆಮನೆಯಲ್ಲಿ ಮೀಸೆಯಿಲ್ಲದವನನ್ನು ನೋಡಿ, "ಇವರ್ಯಾರು, ನಿಮ್ಮ ತಮ್ಮನಾ?" ಎಂದು ಕೇಳಿದ.

ಪೆಲಾಜಿ ಅವನ ತುಟಿ ಓದಿದಳು. ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ಅವಳು ಬಾಯಿ ತೆರೆಯುವ ಮೊದಲೇ ಫೆರಿಯೋಲ್ ಕೆಂಪಗಾಗಿ, "ತಮ್ಮನೂ ಅಲ್ಲ, ಅಣ್ಣನೂ ಅಲ್ಲ, ಫೆರಿಯೋಲ್ ಗಾಶೋಂ ನಾನು! ಯಾರನ್ನೂ ಹೊಡೆದಿಲ್ಲ!" ಎಂದು ಗುಡುಗಿದ.

ಅವನಿಗೆ ಕೋಳ ತೊಡಿಸಿದರು. ಪೆಲಾಜಿ ಬೆರ್ತೊಲೆಯ ತೋಳು ಹಿಡಿದು ಗಂಟೆಯ ವಿಷಯವನ್ನೂ ಪಾರಿವಾಳದ ವಿಷಯವನ್ನೂ ಹೇಳಿದಳು. ಅವನು ಒಳ್ಳೆಯ ಮನುಷ್ಯನೇ. ನಗು ತಡೆದುಕೊಳ್ಳಲು ತುಟಿ ಕಚ್ಚಿದ. ಹಾಗೆ ತುಟಿ ಕಚ್ಚಿದವರ ಮಾತು ಓದುವುದು ಬಹಳ ಕಷ್ಟ.

"ಮಾದಾಂ, ನೀವು ನನಗೆ ಹೇಳ್ತಿರೋದು ಇಷ್ಟು: ಕಿವಿ ಕೇಳೋ ಮಾದ್ಮ್ವಾಸೆಲ್ ಸಿದೋನಿಗೆ ಗಂಟೆ ಕೇಳಿಸ್ತು. ಕಿವಿ ಕೇಳದ ನಿಮಗೆ ಕೇಳಿಸಲಿಲ್ಲ. ಆದ್ದರಿಂದ ಗಂಟೆ ಹೊಡೆದಿಲ್ಲ."

"ತೆಲೆಸ್ಫೋರನನ್ನ ಕೇಳಿ!"

ಕೇಳಿದ. ತೆಲೆಸ್ಫೋರ್ ಗೋಪುರ ಹತ್ತಿಸಿ, ಸುತ್ತಿಗೆಗೆ ಬಿಗಿದಿದ್ದ ಕಂಬಳಿಯನ್ನೇ ತೋರಿಸಿದ. ಬೆರ್ತೊಲೆಯ ಕಿವಿ ಸ್ವಲ್ಪ ಕೆಂಪಾಯಿತು. ಆದರೂ ಅವನು ಬಿಡಲಿಲ್ಲ. "ಹೊತ್ತು ತಪ್ಪಿ ಹೇಳಿರಬಹುದು. ವಯಸ್ಸಾದವರು, ಅಣ್ಣ ಸಾಯೋ ಸ್ಥಿತಿಯಲ್ಲಿದಾರೆ. ಆದರೆ ಕಣ್ಣಾರೆ ನೋಡಿದೆ ಅಂದಿದಾರಲ್ಲ? ಅದಕ್ಕೇನಂತೀರಿ?"

ಗಾಡಿ ಹೊರಟಾಗ ಹಿಂದಿನ ಗಾಜಿನಲ್ಲಿ ಫೆರಿಯೋಲನ ಬೋಳು ಮುಖ ಕಂಡಿತು. ಬಾಯಿ ಅಲ್ಲಾಡಿತು. ಅಷ್ಟು ದೂರದಿಂದಲೂ ಅವಳು ಓದಿದಳು: "ನಿನ್ನ ಪಿಸುಮಾತಿಗೆ ಬೆಂಕಿ ಬೀಳ!"

ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ. ಬಚ್ಚಿಟ್ಟವಳೂ ತಾನೇ, ಹಿಡಿದುಕೊಟ್ಟವಳೂ ತಾನೇ.

ಭಾನುವಾರ ಬೆಳಗ್ಗೆ ಗಂಟೆ ರೋಮಿನಿಂದ ಮರಳಿತ್ತು. ಪಾರಿವಾಳಗಳು ಹುಚ್ಚೆದ್ದು ಹಾರಿದವು. ಪೆಲಾಜಿ ಈಸ್ಟರ್ ಪೂಜೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ಸಿದೋನಿಯನ್ನೇ ನೋಡಿದಳು. ಮಾದ್ಮ್ವಾಸೆಲ್ ಸಿದೋನಿ ಲಪೆರಾದ್ ನಲವತ್ತು ವರ್ಷದಿಂದ ಆ ಚರ್ಚಿನ ಹಾರ್ಮೋನಿಯಂ ನುಡಿಸುತ್ತಿದ್ದವಳು. ಮದುವೆಯಾಗದೆ ಅಣ್ಣನ ಮನೆ ನಡೆಸಿದವಳು, ಕೊರಳಪಟ್ಟಿಗೆ ಗಂಜಿ ಹಾಕುವವಳು. ಗಂಟೆ ಮೌನವಾಗುವ ದಿನ ಊರಿನಲ್ಲಿ ಒಬ್ಬರಿಗೆ ಚೆನ್ನಾಗಿ ನೆನಪಿರಬೇಕಾದರೆ ಅದು ಅವಳಿಗೆ. ಆ ಎರಡು ದಿನ ಅವಳ ಹಾರ್ಮೋನಿಯಮ್ಮಿಗೂ ಬೀಗ. ಇಂಥವಳು ಗಂಟೆ ಹೊಡೆಯಿತು ಎಂದಳೆಂದರೆ ಅದು ಮರೆವಲ್ಲ ಎಂದುಕೊಂಡಳು ಪೆಲಾಜಿ. ಹೇಳಿಕೆ ಕೊಡುವಾಗ ಸಿದೋನಿಗೆ ತಾನು ಏನು ಹೇಳುತ್ತಿದ್ದೇನೆಂದೇ ತಿಳಿದಿರಲಿಕ್ಕಿಲ್ಲ. ಮನಸ್ಸು ಬೇರೆಲ್ಲೋ ಇದ್ದಿರಬೇಕು.

ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಓದಿದವರು. ಆಮೇಲೆ ಒಬ್ಬಳು ಅಂಚೆ ತರುವವಳಾದಳು, ಇನ್ನೊಬ್ಬಳು ಅಂಚೆ ತೆಗೆದುಕೊಳ್ಳುವವಳಾದಳು. ಮಾತು ಬಾಗಿಲ ಹೊಸ್ತಿಲಿನ ಅಳತೆಗೆ ಇಳಿಯಿತು. ಮಧ್ಯಾಹ್ನ ಎರಡಕ್ಕೆ ಪೆಲಾಜಿ ಆ ಹೊಸ್ತಿಲು ದಾಟಿದಳು.

ಬೈಠಕ್ಕಿನ ಕೋಣೆಯಲ್ಲಿ ಎಲ್ಲ ಅಚ್ಚುಕಟ್ಟು. ಬೆಂಕಿಗೂಡಿನ ಮೇಲೆ ಹಿತ್ತಾಳೆ ಗಡಿಯಾರ, ಅದರ ಮೇಲೆ ಚಿನ್ನದಂಚಿನ ಎತ್ತರದ ಕನ್ನಡಿ. ಸಿದೋನಿಯ ಕೊರಳಪಟ್ಟಿಗೆ ಮಾತ್ರ ಇಂದು ಗಂಜಿಯಿರಲಿಲ್ಲ.

"ಕೂತ್ಕೊ ಪೆಲಾಜಿ. ಒನೊರಾಂ ಇನ್ನೂ ಕಣ್ಣು ಬಿಟ್ಟಿಲ್ಲ," ಎಂದಳು, ಶಾಲೆಯಲ್ಲಿ ಕಲಿಸಿದ ಹಾಗೆ ಒಂದೊಂದಕ್ಷರ ಬಿಡಿಸಿ.

"ನಿಮ್ಮಣ್ಣನ ವಿಷಯಕ್ಕೆ ಬೇಜಾರಾಯ್ತು ಕಣೇ. ಆದರೆ ನಾನು ಬಂದದ್ದು ಗಂಟೆ ವಿಷಯಕ್ಕೆ. ಶುಕ್ರವಾರ ಹತ್ತು ಹೊಡೆಯಿತು ಅಂದೆಯಲ್ಲ? ನಿಂಗೆ ಕೇಳಿಸಿದ ಗಂಟೆ ರೋಮಿನದ್ದಾ?"

ಸಿದೋನಿ ಬಿಳಿಚಿಕೊಂಡಳು. ಕಾಗದ ಕೈಗೆ ಬಂದಾಗ ಬಿಳಿಚಿಕೊಳ್ಳುವವರ ಸಾಲಿನಲ್ಲಿ ಅವಳು ಮೊದಲಿನಿಂದಲೂ ಇದ್ದವಳು. ಎದ್ದು ಪೆಲಾಜಿಗೆ ಬೆನ್ನು ತಿರುಗಿಸಿ ಬೆಂಕಿಗೂಡಿನ ಬಳಿ ನಿಂತಳು. ಗಡಿಯಾರವನ್ನು ಎಡಕ್ಕೆ ಸರಿಸಿದಳು, ಬಲಕ್ಕೆ ಸರಿಸಿದಳು. ಆಮೇಲೆ ತಲೆಯೆತ್ತಿ ಮಾತನಾಡತೊಡಗಿದಳು. ಎರಡು ದಿನ ಎದೆಯೊಳಗೆ ಕಟ್ಟಿಟ್ಟಿದ್ದನ್ನು ಹೇಳಲೇಬೇಕಿತ್ತು. ಪಾದ್ರಿಗೆ ಹೇಳುವ ಧೈರ್ಯ ಬಂದಿರಲಿಲ್ಲ. ಬೆನ್ನ ಹಿಂದೆ ಕುಳಿತ ಕಿವುಡಿಯ ಮುಂದೆ ಹೇಳಿದರೆ ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು. ಎಷ್ಟೋ ವರ್ಷದಿಂದ ತನ್ನ ಮುಖವನ್ನು ನೋಡಿಕೊಳ್ಳುವ ಅಭ್ಯಾಸ ಬಿಟ್ಟಿದ್ದ ಅವಳಿಗೆ ಎದುರಿಗೆ ಕನ್ನಡಿಯಿದೆ ಎಂಬುದೇ ಮರೆತಿತ್ತು.

ಕನ್ನಡಿಯಲ್ಲಿ ಪೆಲಾಜಿ ಒಂದೊಂದು ಮಾತನ್ನೂ ಓದಿದಳು.

"ಸತ್ತೇಹೋದ ಅಂದ್ಕೊಂಡೆ ಕಣೇ. ಬೆಳಗಿನ ಕಾಫಿಗೆ ಹೊತ್ತಾಯ್ತು, ಇನ್ನೂ ಬಂದಿಲ್ವಲ್ಲ ಅಂತ ಕೆಳಗಿಳಿದು ಹೋದೆ. ಪಾಚಿ ಮೇಲೆ ಜಾರಿ ಕಲ್ಲಿಗೆ ತಲೆ ಬಡಿದು ಬಿದ್ದಿದ್ದ. ಪಕ್ಕದಲ್ಲಿ ಬಲೆಬುಟ್ಟಿ. ಒಳಗೆ ಸಿಗಡಿಗಳು ಸರಸರ ಅಂತ ಹರಿದಾಡ್ತಿದ್ವು. ಮೀನುಗಾರರ ಸಂಘದ ಅಧ್ಯಕ್ಷ! ಪ್ರತಿ ವರ್ಷ ಶುಭ ಶುಕ್ರವಾರ ನಮ್ಮನೇಲಿ ಸಿಗಡಿ ಸಾರು. ಪಟ್ಟಣದ ಮಾರುಕಟ್ಟೆಯಿಂದ ತಂದದ್ದು ಅಂತ ಪಾದ್ರಿಗೂ ಬಡಿಸ್ತೀವಿ. ಅದನ್ನ ಅಲ್ಲೇ ಬಿಟ್ಟು ಬಂದಿದ್ದರೆ ಊರೆಲ್ಲ ಅವನ ಹೆಣದ ಪಕ್ಕ ನಿಂತು ನಗ್ತಿತ್ತು. ಅಳಬೇಕಾದ ಹೊತ್ತಲ್ಲಿ ನಗ್ತಿದ್ದರು. ಮೊದಲು ಬುಟ್ಟಿ ಎತ್ಕೊಂಡೆ. ಆಮೇಲೆ ಕೂಗಿದೆ. ಅವನ ಉಸಿರು ನೋಡೋಕೆ ಮುಂಚೆ ಬುಟ್ಟಿ ಎತ್ಕೊಂಡೆ."

ಅವಳು ಕಣ್ಣೊರೆಸಿಕೊಂಡಳು. ತುಟಿ ನಡುಗಿ ಒಂದೆರಡು ಮಾತು ಪೆಲಾಜಿಗೆ ಸಿಗಲಿಲ್ಲ.

"...ಆ ಪೊಲೀಸಿನವನೇ ಹೆಸರು ಕೊಟ್ಟ. ಫೆರಿಯೋಲನನ್ನ ನೋಡಿದ್ರಾ ಅಂದ. ತಲೆ ಅಲ್ಲಾಡಿಸಿದೆ, ಅಷ್ಟೇ. ಎಷ್ಟು ಹೊತ್ತಿಗೆ ಅಂದ. ಗಂಟೆ ಹೊಡೀತಿತ್ತು ಅಂದೆ. ಯಾವ ಬಾಯಿಂದ ಬಂತೋ. ಅವನು ಬರ್ಕೊಳ್ತಾನೇ ಹೋದ, ನಾನು ಹೇಳ್ತಾನೇ ಹೋದೆ."

ಮಾತು ಮುಗಿಯಿತು. ಸಿದೋನಿ ಮುಖ ಸರಿಮಾಡಿಕೊಂಡು ತಿರುಗಿದಳು.

ಪೆಲಾಜಿ ಏನೂ ಕೇಳಿಸದವಳಂತೆ ಎದ್ದುಹೋಗಬಹುದಿತ್ತು. ಒಂದು ಗಳಿಗೆ ಹಾಗೇ ಮಾಡೋಣ ಎಂದೂ ಅನ್ನಿಸಿತು. ಅಷ್ಟು ಬಡವಾಗಿತ್ತು ಆ ಮುಖ. ಆಮೇಲೆ ಗಾಡಿಯ ಗಾಜಿನಲ್ಲಿ ಕಂಡ ಇನ್ನೊಂದು ಮುಖ ನೆನಪಾಯಿತು.

"ಸಿದೋನಿ," ಎಂದಳು, "ನಿನ್ನ ಹಿಂದೆ ಕನ್ನಡಿ ಇದೆ."

ಸಿದೋನಿ ತಿರುಗಿ ನೋಡಿದಳು. ಕನ್ನಡಿಯಲ್ಲಿ ಇಬ್ಬರು ಮುದುಕಿಯರು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಅವಳು ಮೆಲ್ಲನೆ ಸೋಫಾದ ಮೇಲೆ ಕುಸಿದು ಕುಳಿತಳು. ಬಹಳ ಹೊತ್ತು ಅತ್ತಳು. ಪೆಲಾಜಿ ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡಳು. ಅಳುವ ಸದ್ದು ಅವಳಿಗೆ ಕೇಳುತ್ತಿರಲಿಲ್ಲ. ಸೋಫಾ ಅಲುಗುತ್ತಿದ್ದುದರಿಂದ ಇನ್ನೂ ನಿಂತಿಲ್ಲವೆಂದು ತಿಳಿಯುತ್ತಿತ್ತು.

"ಬುಟ್ಟಿ ಎಲ್ಲಿಟ್ಟೆ?" ಎಂದಳು ಕೊನೆಗೆ.

"ನನ್ನ ಬಟ್ಟೆ ಬೀರುವಿನಲ್ಲಿ."

"ಸಿಗಡಿಗಳು?"

"ಸಂಜೆ ಹೊಳೆಗೆ ಬಿಟ್ಟುಬಂದೆ. ಹದಿನೇಳು."

"ಒಟ್ಟು ಎಷ್ಟಿದ್ವು?"

ಸಿದೋನಿ ಕಣ್ಣು ತಗ್ಗಿಸಿದಳು. "ಹದಿನೆಂಟು. ಒಂದು ತಪ್ಪಿಸಿಕೊಂಡಿದೆ. ಈ ಕೋಣೆಯಲ್ಲೇ ಎಲ್ಲೋ ಇದೆ. ಎರಡು ದಿನದಿಂದ ಕಾಲು ಕೆಳಗಿಡೋಕೆ ಭಯ."

ಆ ಈಸ್ಟರ್ ಭಾನುವಾರದ ಮಧ್ಯಾಹ್ನ, ಶಾಂಬ್ರೆಯಾಕಿನ ಮಿಕ್ಕವರೆಲ್ಲ ಕುರಿಮಾಂಸ ಉಂಡು ಮಲಗಿದ್ದಾಗ, ಅರವತ್ತು ದಾಟಿದ ಇಬ್ಬರು ಹೆಂಗಸರು ನೋಟರಿಯವರ ಬೈಠಕ್ಕಿನಲ್ಲಿ ಮೊಣಕಾಲೂರಿ ಹರಿದಾಡಿದರು. ಸಿದೋನಿ ಕಿವಿಗೊಟ್ಟು, "ಅಲ್ಲಿ! ಬೀರು ಕಡೆ ಸದ್ದು!" ಎಂದರೆ, ಪೆಲಾಜಿ ಅಷ್ಟರಲ್ಲಿ ಸೋಫಾದಡಿ ತಲೆ ತೂರಿಸಿದ್ದರಿಂದ ಅವಳ ತುಟಿ ಕಾಣುತ್ತಿರಲಿಲ್ಲ. ಒಬ್ಬರ ತಲೆ ಇನ್ನೊಬ್ಬರಿಗೆ ಎರಡು ಸಲ ಬಡಿಯಿತು. ಎರಡನೇ ಸಲ ಸಿದೋನಿಗೆ ನಗು ಬಂತು. ಶಾಲೆ ಬಿಟ್ಟಮೇಲೆ ಅವಳು ನಕ್ಕಿದ್ದನ್ನು ಪೆಲಾಜಿ ನೋಡಿರಲಿಲ್ಲ. ಕೊನೆಗೆ ಇದ್ದಿಲ ಡಬ್ಬಿಯ ಹಿಂದೆ ಕಪ್ಪಗೆ ಮಸಿ ಬಳಿದುಕೊಂಡು, ಇಕ್ಕಳಗಳನ್ನೆತ್ತಿ ಯುದ್ಧಕ್ಕೆ ನಿಂತಿದ್ದ ಹದಿನೆಂಟನೆಯವನು ಸಿಕ್ಕ. ಅವನನ್ನು ಸಾರಿನ ಬೋಗುಣಿಯಲ್ಲಿ ನೀರುಹಾಕಿ ಬಿಟ್ಟರು.

"ನಾನು ಠಾಣೆಗೆ ಹೋಗಿ ಹೇಳಲಾ, ನೀನು ಹೋಗ್ತೀಯಾ?" ಎಂದು ಪೆಲಾಜಿ ಕೇಳಿದಳು.

"ನಾನೇ ಹೋಗಬೇಕು. ಆದರೆ ನೀನು ಜೊತೆಗಿರು," ಎಂದಳು ಸಿದೋನಿ. ಆಮೇಲೆ, "ನಡೆಯುವಾಗ ಏನೂ ಮಾತಾಡಬೇಡ, ಮಾರಾಯ್ತಿ. ನಿನ್ನ ಕಾಲಿಗೆ ಬೀಳ್ತೀನಿ," ಎಂದೂ ಸೇರಿಸಿದಳು.

ಸೋಮವಾರ ಬೆಳಗ್ಗೆ ಹತ್ತರ ಸುಮಾರಿಗೆ ಸಿದೋನಿ ಹ್ಯಾಟು ತೊಟ್ಟು, ಒಂದು ಕೈಯಲ್ಲಿ ಬಲೆಬುಟ್ಟಿ ಹಿಡಿದು, ಯಾರಿಂದಲೂ ಮರೆಮಾಡದೆ ಊರ ನಡುಬೀದಿಯಲ್ಲಿ ನಡೆದಳು. ಹಿಂದೆ ಪೆಲಾಜಿ ಬೋಗುಣಿ ಹೊತ್ತಿದ್ದಳು. ಕಾಫಿ ಅಂಗಡಿಯ ಹದಿಮೂರು ಮಂದಿಯೂ ಹೊರಗೆ ಬಂದು ನಿಂತರು. ಯಾರೂ ನಗಲಿಲ್ಲ. ಅರ್ಥವಾಗಿದ್ದರೆ ನಗುತ್ತಿದ್ದರೇನೋ. ಆದರೂ ಸಿದೋನಿಯ ನಡಿಗೆ ಹೇಗಿತ್ತೆಂದರೆ ನಗಲು ಧೈರ್ಯವಾಗುತ್ತಿರಲಿಲ್ಲ.

ಬೆರ್ತೊಲೆ ಎಲ್ಲವನ್ನೂ ಕೇಳಿ ಬಹಳ ಹೊತ್ತು ಬೋಗುಣಿಯೊಳಗೆ ನೋಡಿದ.

"ಇದು... ಸಾಕ್ಷಿಯಾ?"

"ಜೀವಂತ ಸಾಕ್ಷಿ," ಎಂದಳು ಪೆಲಾಜಿ. ಪಕ್ಕದ ಕೊಠಡಿಯಲ್ಲಿದ್ದ ಫೆರಿಯೋಲನಿಗೆ ಗೋಡೆಯಾಚೆಗೂ ಕೇಳಿಸಿತು. "ಇನ್ನು ನನ್ನನ್ನ ಎಲ್ಲಿಗೆ ಕಳಿಸೋಕೆ ಬಂದಿದಾಳಪ್ಪ!" ಎಂದು ಅವನು ಪೇದೆಯ ಮುಂದೆ ತಲೆ ಹಿಡಿದುಕೊಂಡನಂತೆ.

ಅಧಿಕಾರಿ ಒಗೆಮಂಟಪಕ್ಕೆ ಹೋಗಿ ಪಾಚಿಯ ಮೇಲೆ ಉದ್ದಕ್ಕೆ ಜಾರಿದ ಹೆಜ್ಜೆಯ ಗುರುತನ್ನೂ ಕಲ್ಲಿನಂಚಿನ ಕಲೆಯನ್ನೂ ನೋಡಿ ಬಂದ. ಶುಕ್ರವಾರವೂ ಅವು ಅಲ್ಲೇ ಇದ್ದವು; ಅಂದು ಅವನು ಹುಡುಕುತ್ತಿದ್ದದ್ದು ದೊಣ್ಣೆಯನ್ನು. ಮರುದಿನ ಆಸ್ಪತ್ರೆಯಲ್ಲಿ ನೋಟರಿಯವರು ಕಣ್ಣುಬಿಟ್ಟರು. ಹಾಸಿಗೆಯ ಪಕ್ಕದಲ್ಲಿದ್ದ ಬೆರ್ತೊಲೆಯನ್ನೂ ದಾದಿಯನ್ನೂ ನೋಡಿ ಅವರು ಕೇಳಿದ ಮೊದಲ ಮಾತು, "ಬುಟ್ಟಿ ಎಲ್ಲಿ?" ಎಂದು. ಅದನ್ನು ದಾದಿಯ ಎದುರೇ ಬರೆದುಕೊಂಡ ಬೆರ್ತೊಲೆ, ಮೀನುಗಾರರ ಸಂಘದ ಅಧ್ಯಕ್ಷರ ಮೇಲೆ ದೂರು ದಾಖಲಿಸಲು ಸಂಘದ ಅಧ್ಯಕ್ಷರ ಸಹಿ ಬೇಕಾಗುತ್ತದೆ, ದಯವಿಟ್ಟು ಇಲ್ಲಿ ಸಹಿ ಮಾಡಿ ಎಂದು ಬಹಳ ವಿನಯದಿಂದ ಕಾಗದ ಮುಂದಿಟ್ಟನಂತೆ. ನೋಟರಿಯವರು ಮತ್ತೆ ಕಣ್ಣುಮುಚ್ಚಿಕೊಂಡರು. ಈ ಸಲದ್ದು ನಿಜವಾದ ಮೂರ್ಛೆಯಲ್ಲ ಎಂದು ದಾದಿ ಹೇಳಿದಳು.

ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ಸಿದೋನಿಯನ್ನು ನ್ಯಾಯಾಧೀಶರು ಕರೆಸಿ ಮುಖ ಬಾಡುವಷ್ಟು ಬೈದರು. ತಾನಾಗಿ ಬಂದು ಒಪ್ಪಿಕೊಂಡಳೆಂದು ಅಲ್ಲಿಗೇ ಬಿಟ್ಟರು. ಅವಳಿಗೆ ಅದಕ್ಕಿಂತ ಕಷ್ಟವಾದದ್ದು ಫೆರಿಯೋಲನ ಮುಂದೆ ನಿಂತದ್ದು. ಅವನು ಬಿಡುಗಡೆಯಾಗಿ ಬಂದ ದಿನವೇ ಅವಳು ಊರಾಚೆಯ ನಿಲ್ದಾಣಕ್ಕೆ ನಡೆದುಹೋದಳು.

"ಮೆಸಿಯೋ ಗಾಶೋಂ, ನಾನು ನಿಮಗೆ ದೊಡ್ಡ ಅನ್ಯಾಯ ಮಾಡಿದೆ."

"ಮಾಡಿದ್ರಿ," ಎಂದ ಫೆರಿಯೋಲ್, ಬೆತ್ತದಿಂದ ತಲೆಯೆತ್ತದೆ.

"ಕ್ಷಮೆ ಕೇಳೋಕೆ ಬಂದಿದೀನಿ."

"ಹೂಂ."

"ಕ್ಷಮಿಸ್ತೀರಾ?"

"ಇವತ್ತು ಆಗಲ್ಲ. ಇವತ್ತು ಕೋಪ ಇದೆ. ನಾಳೆ ಬನ್ನಿ."

ಅವಳು ಮರುದಿನವೂ ಹೋದಳು. ಮೂರನೇ ದಿನ ಅವನು, "ಎಷ್ಟು ಸಲ ಬರ್ತೀರಿ ಮಾದ್ಮ್ವಾಸೆಲ್, ನಿಮ್ಮ ಬೂಟು ಸವೀತದೆ," ಎಂದ. ಅದನ್ನೇ ಕ್ಷಮೆಯೆಂದು ತೆಗೆದುಕೊಂಡು ಸಿದೋನಿ ಅವನನ್ನು ಊಟಕ್ಕೆ ಕರೆದಳು.

ಆ ಭಾನುವಾರ ನೋಟರಿಯವರ ಮನೆಯ ಊಟದ ಮೇಜಿಗೆ ಮೂವರು ಕುಳಿತರು. ಒನೊರಾಂ ಲಪೆರಾದ್ ತಲೆಗೆ ಪಟ್ಟಿ ಕಟ್ಟಿಕೊಂಡು ಮಹಡಿಯ ಮೇಲೇ ಮಲಗಿದ್ದರು; ವೈದ್ಯರು ಇಳಿಯಬೇಡ ಎಂದಿದ್ದರೆಂದು ತಂಗಿ ಹೇಳಿದಳು. ವೈದ್ಯರು ಹಾಗೆ ಹೇಳಿರಲಿಲ್ಲ. ಸಿದೋನಿ ಹಂದಿಮಾಂಸದ ತುಣುಕು ಹಾಕಿ ಮೊಟ್ಟೆಯ ದೋಸೆ ಮಾಡಿದ್ದಳು. ಹೊಳೆಯಿಂದ ಬಂದದ್ದು ಮೇಜಿನ ಮೇಲೆ ಏನೂ ಇರಲಿಲ್ಲ.

ಎರಡನೇ ಲೋಟ ವೈನಿನ ಹೊತ್ತಿಗೆ ಫೆರಿಯೋಲನ ಕೋಪವೆಲ್ಲ ಒಟ್ಟಿಗೆ ಹೊರಬಂತು. ಪೊಲೀಸರ ಕೊಠಡಿಯ ಹಾಸಿಗೆ, ಅಲ್ಲಿನ ತಣ್ಣಗಿನ ಕಾಫಿ, ಊರವರ ನಾಲಗೆ, ಒಂದೊಂದನ್ನೂ ಬೈಯತೊಡಗಿದ. ಸಿದೋನಿ ಅದಕ್ಕೆ ಒಂದೊಂದಾಗಿ ಉತ್ತರ ಕೊಡುತ್ತ, ಮಧ್ಯೆ ಅಣ್ಣನನ್ನು ಬೈಯುತ್ತ, ಇನ್ನೊಂದು ತುಂಡು ಬಡಿಸುತ್ತ ಹೋದಳು. ಇಬ್ಬರೂ ಒಟ್ಟೊಟ್ಟಿಗೆ ಮಾತನಾಡುತ್ತಿದ್ದರು, ಒಬ್ಬ ಎಡಕ್ಕೆ, ಒಬ್ಬಳು ಬಲಕ್ಕೆ.

ಪೆಲಾಜಿ ಸ್ವಲ್ಪ ಹೊತ್ತು ಈ ಬಾಯಿಂದ ಆ ಬಾಯಿಗೆ, ಆ ಬಾಯಿಂದ ಈ ಬಾಯಿಗೆ ಕಣ್ಣು ಹೊರಳಿಸಿದಳು. ಅರ್ಧ ವಾಕ್ಯ ಅವನದ್ದು, ಅರ್ಧ ಇವಳದ್ದು ಸೇರಿಕೊಂಡು ಪೊಲೀಸರು ಮೊಟ್ಟೆ ಇಟ್ಟರು ಎಂಬಂಥ ಅರ್ಥ ಬರತೊಡಗಿತು. ಕುತ್ತಿಗೆಯೂ ನೋಯತೊಡಗಿತು. ಕೊನೆಗೆ ಅವಳು ಇಬ್ಬರನ್ನೂ ಬಿಟ್ಟು ತಟ್ಟೆಯ ಕಡೆ ತಿರುಗಿದಳು. ದೋಸೆ ಇನ್ನೂ ಬಿಸಿಯಾಗಿತ್ತು, ಅಂಚು ಗರಿಗರಿಯಾಗಿತ್ತು.